ಒಡೆದ ತಲೆ, ಮರಳಿದ ಆಟ

ಕಾಲ್ಚೆಂಡಿನ ಅಂಗಳದಲ್ಲಿ ನಾನು ಎಂದೂ ಓಡಿದವನಲ್ಲ. ಹಳಗನ್ನಡ ಪಾಠ ಹೇಳುತ್ತ ಆಯುಷ್ಯ ಕಳೆದವನು. ಈಚೆಗೆ ನನ್ನ ಮೊಮ್ಮಗ ಹಳೆಯ ಪಂದ್ಯವೊಂದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದವನು, "ತಾತ, ಈ ಗೋಲ್‌ಕೀಪರ್ ಒಬ್ಬನಿಗೆ ಮಾತ್ರ ಯಾಕೆ ಟೋಪಿ?" ಎಂದು ಕೇಳಿದ. ಉತ್ತರ ಹುಡುಕಹೊರಟ ನನಗೆ ದೊರೆತದ್ದು ಟೋಪಿಯ ಕಥೆಯಷ್ಟೇ ಅಲ್ಲ. ತಲೆಬುರುಡೆ ಒಡೆದ ಆಟಗಾರ ಮತ್ತೆ ಅಂಗಳಕ್ಕಿಳಿದಾನೆಯೇ ಎಂಬ ಪ್ರಶ್ನೆಯ ಒಂದು ದೀರ್ಘ ಚರಿತ್ರೆ.

1931ರ ಸೆಪ್ಟೆಂಬರ್ 5ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ನಡುವೆ ಪಂದ್ಯ. ಚೆಂಡಿನೊಡನೆ ನುಗ್ಗಿಬಂದ ಸ್ಯಾಮ್ ಇಂಗ್ಲಿಷ್‌ನ ಕಾಲಬಳಿಗೆ ಸೆಲ್ಟಿಕ್ಕಿನ ಗೋಲ್‌ಕೀಪರ್ ಜಾನ್ ಥಾಮ್ಸನ್ ಹಾರಿಬಿದ್ದ. ಮೊಣಕಾಲು ತಲೆಗೆ ಬಡಿಯಿತು, ಬುರುಡೆ ಒಳಕ್ಕೆ ಕುಸಿಯಿತು. ಅಂದೇ ರಾತ್ರಿ ಆಸ್ಪತ್ರೆಯಲ್ಲಿ ಆತ ತೀರಿಕೊಂಡ. ವಯಸ್ಸು 22. ಅದು ಅಪಘಾತವೆಂದು ವಿಚಾರಣೆ ನಿರ್ಣಯಿಸಿತು. ಆದರೂ ಇಂಗ್ಲಿಷ್‌ನನ್ನು ಪ್ರೇಕ್ಷಕರ ಹೀಯಾಳಿಕೆ ಬಹುಕಾಲ ಬೆನ್ನಟ್ಟಿತು. ಆ ಪೆಟ್ಟು ಬಿದ್ದದ್ದು ಒಬ್ಬನಿಗಲ್ಲ, ಇಬ್ಬರಿಗೆ ಎನ್ನಬೇಕು.

ಎಪ್ಪತ್ತೈದು ವರ್ಷಗಳ ಅನಂತರ, 2006ರ ಅಕ್ಟೋಬರ್ 14ರಂದು, ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಹೆಚ್ಚುಕಡಿಮೆ ಅದೇ ದೃಶ್ಯ ಮರುಕಳಿಸಿತು. ಆಟ ಆರಂಭವಾಗಿ ನಿಮಿಷ ಕಳೆದಿರಲಿಲ್ಲ. ಚೆಲ್ಸಿ ತಂಡದ ಗೋಲ್‌ಕೀಪರ್, ಜೆಕ್ ದೇಶದ ಪೆಟ್ರ್ ಚೆಕ್‌ನ ತಲೆಗೆ ಎದುರಾಳಿಯ ಮೊಣಕಾಲು ಬಡಿದು ಬುರುಡೆ ಕುಸಿಯಿತು. ಆದರೆ ನಡುವಿನ ಕಾಲ ಸುಮ್ಮನೆ ಹೋಗಿರಲಿಲ್ಲ. ಬುರುಡೆಯ ಒಳಗನ್ನು ಕೊಯ್ಯದೆಯೇ ಕಾಣುವ ಸಿ.ಟಿ. ಸ್ಕ್ಯಾನ್ ಯಂತ್ರ 1971ರಲ್ಲಿಯೇ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ನೋಡಿತ್ತು. ಚೆಕ್‌ನಿಗೆ ಆಕ್ಸ್‌ಫರ್ಡಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕುಸಿದ ಎಲುಬನ್ನು ಎತ್ತಿ ಲೋಹದ ತಗಡುಗಳಿಂದ ಬಿಗಿದರು. 2007ರ ಜನವರಿ 20ರಂದು, ಮೂರು ತಿಂಗಳು ಮುಗಿದು ವಾರವೊಂದು ಕಳೆಯುವುದರೊಳಗೆ, ರಗ್ಬಿ ಆಟಗಾರರು ಧರಿಸುವಂಥ ಮೆತ್ತನೆಯ ಶಿರಸ್ತ್ರಾಣ ತೊಟ್ಟು ಲಿವರ್‌ಪೂಲಿನಲ್ಲಿ ಗೋಲಿನ ಮುಂದೆ ನಿಂತ. ತಂಡ 2-0ರಿಂದ ಸೋತಿತು, ಇರಲಿ. 2012ರಲ್ಲಿ ಮ್ಯೂನಿಕ್ಕಿನಲ್ಲಿ ಯುರೋಪಿನ ಕ್ಲಬ್ ಕಿರೀಟಕ್ಕಾಗಿ ನಡೆದ ಅಂತಿಮ ಪಂದ್ಯದಲ್ಲಿ ರಾಬೆನ್ನನ ಪೆನಾಲ್ಟಿಯನ್ನು ತಡೆದದ್ದು ಇದೇ ಟೋಪಿಯವನೇ. 2019ರಲ್ಲಿ ಆಟ ಬಿಡುವವರೆಗೂ ಆತ ಅದನ್ನು ಬಿಡಲಿಲ್ಲ.

ಹಾಗಾದರೆ ವೈದ್ಯ ಗೆದ್ದ, ಇನ್ನು ಎಲ್ಲರೂ ಮರಳುವರು ಎಂದುಕೊಳ್ಳುವಷ್ಟರಲ್ಲಿ ಇನ್ನೊಬ್ಬ ಎದುರಾಗುತ್ತಾನೆ. ಹಲ್ ಸಿಟಿಯ ರಯಾನ್ ಮೇಸನ್ 2017ರ ಜನವರಿ 22ರಂದು ಲಂಡನ್ನಿನಲ್ಲಿ ಚೆಂಡಿಗಾಗಿ ಎಗರಿದಾಗ ಎದುರಾಳಿಯ ತಲೆಗೆ ಅವನ ತಲೆ ತಾಗಿತು. ಚಿಕಿತ್ಸೆಗೆ ತಡವಾಗಲಿಲ್ಲ. ಅವನ ಬುರುಡೆಯಲ್ಲಿ 14 ಲೋಹದ ತಗಡುಗಳು, ಅವುಗಳನ್ನು ಹಿಡಿದ 28 ತಿರುಪುಗಳು! ವರ್ಷವಿಡೀ ಪ್ರಯತ್ನಿಸಿ, ತಜ್ಞರ ಸಲಹೆಯಂತೆ 2018ರ ಫೆಬ್ರವರಿಯಲ್ಲಿ ಆಟಕ್ಕೆ ವಿದಾಯ ಹೇಳಿದ. ಆಗ ಅವನಿಗೆ 26 ವರ್ಷ.

ಗೋಲ್‌ಕೀಪರನಿಗೆ ಕೈಯುಂಟು, ನಡುಅಂಗಳದವನು ಚೆಂಡಿಗೆ ತಲೆ ಕೊಡಲೇಬೇಕು. ಟೋಪಿ ಎಲುಬಿಗೆ ಬೀಳುವ ಪೆಟ್ಟನ್ನು ಮೆತ್ತಗೆ ಮಾಡೀತು. ಬುರುಡೆಯೊಳಗೆ ಮಿದುಳು ಕುಲುಕುವುದನ್ನು ತಡೆಯಲಾರದು. ಇದೇ ಕಾರಣವೆಂದು ನಾನು ಸೂತ್ರ ಬರೆಯಹೊರಟೆ. ಆ ಸೂತ್ರವನ್ನು ಮೆಕ್ಸಿಕೋದ ರಾವುಲ್ ಹಿಮೆನೆಸ್ ಮುರಿದ. ತಲೆಯಿಂದಲೇ ಗೋಲು ಹೊಡೆಯಬೇಕಾದ ಮುಂಪಂಕ್ತಿಯವನಾತ. 2020ರ ನವೆಂಬರಿನಲ್ಲಿ ಬುರುಡೆ ಒಡೆಯಿತು. ಮರುವರ್ಷದ ಆಗಸ್ಟಿನಲ್ಲಿ ತಲೆಗೊಂದು ಪಟ್ಟಿ ಕಟ್ಟಿ ಮರಳಿದ, ಸೆಪ್ಟೆಂಬರಿನಲ್ಲಿ ಗೋಲನ್ನೂ ಹೊಡೆದ. ಎಲುಬು ಎಲ್ಲಿ ಬಿರಿಯಿತು, ರಕ್ತ ಒಳಗೆ ಎಷ್ಟು ಸೋರಿತು, ಮಿದುಳಿಗೆ ಏನಾಯಿತು ಎಂಬುದು ಒಬ್ಬೊಬ್ಬನಿಗೂ ಬೇರೆ. ಧೈರ್ಯದ ಪಾತ್ರ ಇಲ್ಲಿ ನಾವು ಪತ್ರಿಕೆಗಳಲ್ಲಿ ಓದುವಷ್ಟು ದೊಡ್ಡದಲ್ಲ. ಮೇಸನ್ ಚೆಕ್‌ಗಿಂತ ಅಳ್ಳೆದೆಯವನೆಂದು ಯಾರು ಹೇಳಬಲ್ಲರು?

ಅರೆಮರಳಿಕೆಯೂ ಉಂಟು. 1962ರಲ್ಲಿ ಬಾರ್ಬಡೋಸಿನಲ್ಲಿ ನಮ್ಮ ಕ್ರಿಕೆಟ್ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆ ಒಡೆದಾಗ ಎದುರಾಳಿ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟದ್ದನ್ನು ನನ್ನ ತಂದೆಯವರು ಕಣ್ಣು ತುಂಬಿಕೊಂಡು ಹೇಳುತ್ತಿದ್ದರು. ಕಂಟ್ರಾಕ್ಟರ್ ಪ್ರಥಮ ದರ್ಜೆಯ ಆಟಕ್ಕೆ ಮರಳಿದರು. ಟೆಸ್ಟ್ ಪಂದ್ಯ ಮಾತ್ರ ಮತ್ತೆ ಒದಗಲಿಲ್ಲ.

ನಮ್ಮ ಊರೂರಿನ ವೀರಗಲ್ಲುಗಳನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದಾಗ ನನಗೊಂದು ಸಂಗತಿ ಹೊಳೆದಿರಲಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಒಯ್ಯುವ ವೀರ, ಮೇಲೆ ಶಿವಸನ್ನಿಧಿ. ಗಾಯಗೊಂಡು ಬದುಕಿ, ಮತ್ತೆ ಕತ್ತಿ ಹಿಡಿಯಲಾರದೆ ಮನೆಗೆ ಬಂದವನಿಗೆ ಆ ಕಲ್ಲಿನಲ್ಲಿ ಪಟ್ಟಿಕೆಯೇ ಇಲ್ಲ. ಥಾಮ್ಸನ್ನನಿಗೆ ಸ್ಮಾರಕ ದೊರೆಯಿತು, ಚೆಕ್‌ನಿಗೆ ಕಿರೀಟ. ಮೇಸನ್?

ಆತ ಎಳೆಯರಿಗೆ ಆಟ ಕಲಿಸತೊಡಗಿದ. 2021ರ ಏಪ್ರಿಲಿನಲ್ಲಿ, ತಾನು ಬೆಳೆದ ಟಾಟನ್‌ಹ್ಯಾಮ್ ತಂಡಕ್ಕೇ ಹಂಗಾಮಿ ಮ್ಯಾನೇಜರನಾದ. 29ರ ಪ್ರಾಯದಲ್ಲಿ, ಆ ಲೀಗಿನ ಇತಿಹಾಸದಲ್ಲೇ ಅತ್ಯಂತ ಕಿರಿಯ. ಅದೇ ತಿಂಗಳ 25ರಂದು ವೆಂಬ್ಲಿಯಲ್ಲಿ ಲೀಗ್ ಕಪ್ಪಿನ ಅಂತಿಮ ಪಂದ್ಯ. ತಂಡ ಒಂದು ಗೋಲಿನಿಂದ ಸೋತಿತು. ಆ ಪಂದ್ಯದ ಚಿತ್ರಗಳನ್ನು ಮೊಮ್ಮಗನಿಗೆ ತೋರಿಸಿದೆ. ಗೆರೆಯಾಚೆ ನಿಂತು ಕೂಗುತ್ತಿದ್ದವನನ್ನು ನೋಡಿ, "ಇವನಿಗೆ ಟೋಪಿ ಇಲ್ಲವಲ್ಲ ತಾತ" ಎಂದ.