ಚಿಲ್ಲರ ಡಬ್ಬಿಯಾಗಿನ ಚುಕ್ಕಿ

ಸೂಟಿಗಿ ಮೊಮ್ಮಗ ಬಂದಿದ್ದ. ಮೊಬೈಲ್ ಬಿಡವಲ್ಲ. ಹಾಲಿನ ಚಿಲ್ಲರ ಡಬ್ಬಿ ಅವನ ಮುಂದ ಸುರುವಿ, "ಇಸವಿ ನೋಡಿ ಸಾಲಾಗಿ ಹಚ್ಚು" ಅಂದೆ. ಅರ್ಧ ತಾಸಿನ್ಯಾಗ ಕೇಳಿದ: "ಆಯಿ, ಕೆಲವಕ್ಕ ಇಸವಿ ಕೆಳಗ ಚುಕ್ಕಿ ಅದ, ಕೆಲವಕ್ಕ ಇಲ್ಲ. ಯಾಕ?"

ಅದು ಟಂಕಸಾಲಿ ಗುರುತು ನೋಡ್ರಿ. ಐದು ಮೂಲಿ ಚುಕ್ಕಿ ಇದ್ರ ಹೈದರಾಬಾದದ್ದು, ವಜ್ರದಂಥ ಗುರುತಿದ್ರ ಮುಂಬೈದು, ಸಣ್ಣ ಬೊಟ್ಟಿದ್ರ ನೋಯ್ಡಾದ್ದು, ಏನೂ ಇಲ್ಲಂದ್ರ ಕೋಲ್ಕತ್ತಾದ್ದು.

ಈ ಹೈದರಾಬಾದ ಟಂಕಸಾಲಿ ಮೊದಲ ನಿಜಾಮರದು. 1948ರ ತನಕ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಎಲ್ಲಾ ಅವರ ರಾಜ್ಯದಾಗೇ ಇದ್ವು. ಇಲ್ಲಿ ನಡೀತಿದ್ದದ್ದು ಹಾಲಿ ಸಿಕ್ಕಾ. ಬೆಳ್ಳಿ ರೂಪಾಯಿ ಮ್ಯಾಲ ಚಾರ್ಮಿನಾರ. ಗಡಿ ದಾಟಿ ಸೊಲ್ಲಾಪುರಕ್ಕ ಹೋದ್ರ ಇಂಗ್ಲಿಷರ ರೂಪಾಯಿ, ಅದಕ್ಕ ಕಲ್ದಾರ ಅಂತಿದ್ರು. ಹೆಚ್ಚುಕಡಿಮಿ 7 ಹಾಲಿ ಕೊಟ್ರ 6 ಕಲ್ದಾರ. ನನ್ನ ಆಯಿ ಸಾಲಿ ಮುಖ ನೋಡಿದಾಕಿ ಅಲ್ಲ, ಆದ್ರ ಈ ಲೆಕ್ಕ ಆಕಿ ಬೆರಳ ತುದಿಯಾಗಿತ್ತು.

1950ರಾಗ ಆ ಟಂಕಸಾಲಿ ಭಾರತ ಸರ್ಕಾರದ ಕೈಗಿ ಬಂತು. 1957ರ ಏಪ್ರಿಲ್ 1ಕ್ಕ 16 ಆಣೆಯ ರೂಪಾಯಿ 100 ನಯಾ ಪೈಸೆ ಆತು. 1959ರಾಗ ಹಾಲಿ ಸಿಕ್ಕಾ ಪೂರಾ ಬಂದಾತು. ನಾವು 25 ಪೈಸೆಕ್ಕ ಚಾರಾಣೆ ಅಂತಿದ್ದೆವಲ್ಲ, ಅದು ಆ ಹಳೇ ಆಣೆ ಲೆಕ್ಕದ್ದೇ ಮಾತು. ಆ ಚಾರಾಣೆನೂ 2011ರ ಜೂನ್ 30ರಿಂದ ನಡೀಲಿಲ್ಲ.

ಇಷ್ಟೆಲ್ಲಾ ಹೇಳಿ, ಟ್ರಂಕಿನ್ಯಾಗಿಂದ ಆಯಿ ಕೊಟ್ಟ ಚಾರ್ಮಿನಾರ ರೂಪಾಯಿ ತಂದು ತೋರಿಸ್ದೆ. ಹುಡುಗ ತಿರುವಿ ತಿರುವಿ ನೋಡಿ, "ಇದರ ಇಸವಿ ಎಲ್ಲಿ?" ಅಂದ. ಏನಂತ ಹೇಳಲಿ? ಮೂವತ್ತು ವರ್ಷ ದೀಪಾವಳಿ ಲಕ್ಷ್ಮಿ ಪೂಜಾಕ್ಕ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ನಾನೇ ಅಳಿಸೀನಿ. ಲಕಲಕ ಹೊಳೀತದ, ಆದ್ರ ತನ್ನ ವಯಸ್ಸು ಹೇಳಂಗಿಲ್ಲ. ಆಯಿನ ಕೇಳಬೇಕಂದ್ರ ಆಕಿನೂ ಇಲ್ಲ.

ಅದಕ್ಕ ಹೇಳ್ತೀನಿ ತಂಗಿ, ಹಳೇ ನಾಣ್ಯ ತಿಕ್ಕಬ್ಯಾಡ್ರಿ. ಅಂಚು ಹಿಡಿದು ಎತ್ತಲಿಕ್ಕಿ ಮಕ್ಕಳಿಗಿ ಕಲಿಸ್ರಿ. ಒಂದೊಂದು ಕಾಗದದ ಪುಡಕಿಯಾಗ ಹಾಕಿ, ಮ್ಯಾಲ ಇಸವಿ, ಟಂಕಸಾಲಿ, ಯಾರು ಕೊಟ್ರು ಅನ್ನೋದು ಬರೆಸ್ರಿ. ರೊಕ್ಕ ಕೊಟ್ಟು ಕೊಳ್ಳೋದು ಬ್ಯಾಡ. ಮೊದಲ ನಾಕೂ ಟಂಕಸಾಲಿದು ಒಂದೊಂದು ರೂಪಾಯಿ ಕೂಡಿಸ್ಲಿ. ಆಮ್ಯಾಲ 2006ರ ಬಸವಣ್ಣನವರ 5 ರೂಪಾಯಿ ಹುಡುಕ್ಲಿ. ಸಿಕ್ಕ ದಿನ ಮನಿ ತುಂಬ ಕುಣೀತಾವ. ಈಗ ಕಿರಾಣಿ ಅಂಗಡಿಯಾಗೂ ಫೋನಿನ್ಯಾಗೇ ರೊಕ್ಕ ಕೊಡ್ತೀವಿ, ಚಿಲ್ಲರ ಕೈಗಿ ಬರೋದೇ ಕಮ್ಮಿ ಆಗ್ಯಾದ. ಇದ್ದಾಗೇ ತೋರಿಸ್ರಿ. ಮನ್ಯಾಗ ಹಿರ್ಯಾರಿದ್ರ ಹಾಲಿ, ಕಲ್ದಾರ ಮಾತು ಇವತ್ತೇ ಕೇಳಿ ಬರಕೊಳ್ರಿ.

ನನ್ನ ರೂಪಾಯಿನೂ ಮೊಮ್ಮಗ ಪುಡಕಿಯಾಗ ಹಾಕಿಟ್ಟ. ಮ್ಯಾಲ ಬರದಾನ: "ಹೈದರಾಬಾದ. ಇಸವಿ ಇಲ್ಲ. ಆಯಿಯ ಆಯಿ ಕೊಟ್ಟದ್ದು."