ತಣ್ಣನೆಯ ಹಾಸಿಗೆಗಳಿಗೆ ಒಂಬತ್ತು ವರ್ಷದ ಗುತ್ತಿಗೆ

ಫ್ರಾನ್ಸಿನ ಆಲ್ಪ್ಸ್ ಪರ್ವತಸೀಮೆಯಲ್ಲಿ ಇಲ್ಲವೇ ಮೆಡಿಟರೇನಿಯನ್ ಕರಾವಳಿಯಲ್ಲಿ ರಜಾಕಾಲದ ಫ್ಲ್ಯಾಟೊಂದನ್ನು ಕೊಂಡು, ಕೊಂಡೊಡನೆಯೇ ಅದನ್ನು ಪ್ರವಾಸಿ ವಸತಿ ನಡೆಸುವ ಕಂಪನಿಗೆ ದೀರ್ಘಾವಧಿಯ ಗುತ್ತಿಗೆಗೆ ಬಿಟ್ಟುಕೊಟ್ಟು, ಪ್ರತಿಯಾಗಿ ನಿಗದಿತ ಬಾಡಿಗೆಯನ್ನೂ ಬಯಸಿದರೆ ವರ್ಷಕ್ಕೆ ಕೆಲವು ವಾರ ತಾನೇ ಅಲ್ಲಿ ತಂಗುವ ಹಕ್ಕನ್ನೂ ಪಡೆಯುವ ಏರ್ಪಾಡನ್ನು ಲೀಸ್‌ಬ್ಯಾಕ್ ಎನ್ನುತ್ತಾರೆ. ಕೊಡಗಿನ ರಿಸಾರ್ಟುಗಳ ಮೂಲಕ ಕನ್ನಡಿಗರಿಗೂ ಪರಿಚಿತವಾಗಿರುವ ಟೈಮ್‌ಶೇರ್‌ಗೂ ಇದಕ್ಕೂ ಮೂಲಭೂತವಾದ ವ್ಯತ್ಯಾಸವಿದೆ. ಟೈಮ್‌ಶೇರ್‌ನಲ್ಲಿ ಸದಸ್ಯನು ಹಣ ತೆರುವುದು ಕೆಲವು ವಾರಗಳ ವಾಸಕ್ಕೆ ಮಾತ್ರ. ಲೀಸ್‌ಬ್ಯಾಕ್‌ನಲ್ಲಿ ನೋಂದಾಯಿತ ಕ್ರಯಪತ್ರವು ಕೊಂಡವನ ಹೆಸರಿನಲ್ಲೇ ಇರುತ್ತದೆ. ಆದರೆ ಆ ಕ್ರಯಪತ್ರದ ಬೆಲೆ ಎಷ್ಟೆಂಬುದನ್ನು ನಿರ್ಧರಿಸುತ್ತ ಬಂದದ್ದು ಅದರ ಜೊತೆಗಿದ್ದ ಗುತ್ತಿಗೆಯ ಕರಾರು.

ಈ ಪದ್ಧತಿಯ ಹಿನ್ನೆಲೆಯಲ್ಲಿರುವುದು ಫ್ರೆಂಚ್ ಕಾರ್ಮಿಕನಿಗೆ ದೊರೆತ ಸಂಬಳಸಹಿತ ರಜೆ. 1936ರಲ್ಲಿ ಲೆಯೋಂ ಬ್ಲುಮ್ ನೇತೃತ್ವದ ಜನತಾ ರಂಗದ ಸರ್ಕಾರ ಎರಡು ವಾರಗಳ ರಜೆಯನ್ನು ಕಾಯ್ದೆಯಾಗಿಸಿತು; ಅದು 1956ರಲ್ಲಿ ಮೂರು, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರಗಳಾಯಿತು. ಇಷ್ಟು ಜನ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ 1960ರ ದಶಕದ ಹೊತ್ತಿಗೆ ಸರ್ಕಾರಿ ಯೋಜನೆಯ ವಿಷಯವೇ ಆಗಿತ್ತು. 1963ರಲ್ಲಿ ಲಾಂಗ್‌ದಾಕ್ ಕರಾವಳಿಯ ಜೌಗು ನೆಲದಲ್ಲಿ ಲಾ ಗ್ರಾಂದ್ ಮೋತ್‌ನಂಥ ಹೊಸ ಊರುಗಳನ್ನೆಬ್ಬಿಸುವ ಕಾರ್ಯ ಆರಂಭವಾಯಿತು; ಅದರ ಬೆನ್ನಿಗೆ ಪರ್ವತಗಳಲ್ಲಿ ‘ಹಿಮ ಯೋಜನೆ’ ಜಾರಿಗೆ ಬಂದು, ದನ ಮೇಯುತ್ತಿದ್ದ ಎತ್ತರದ ಹುಲ್ಲುಗಾವಲುಗಳಲ್ಲಿ ಸ್ಕೀ ಪಟ್ಟಣಗಳು ತಲೆಯೆತ್ತಿದವು.

ಈ ಸ್ಕೀ ಪಟ್ಟಣಗಳ ಹಣಕಾಸಿನ ಲೆಕ್ಕ ವಿಚಿತ್ರವಾದದ್ದು. ರಸ್ತೆ, ನೀರು, ಬೆಟ್ಟದ ಮೇಲಕ್ಕೆ ಜನರನ್ನು ಒಯ್ಯುವ ತಂತಿಮಾರ್ಗ ಇವಕ್ಕೆಲ್ಲ ಮೊದಲೇ ಬಂಡವಾಳ ಬೇಕು, ಹೋಟೆಲಿನ ಆದಾಯವಾದರೋ ಹನಿಹನಿಯಾಗಿ ಬರುವಂಥದ್ದು. ಆದುದರಿಂದ ನಿರ್ಮಾಪಕರು ಫ್ಲ್ಯಾಟುಗಳನ್ನು ಬಿಡಿಬಿಡಿಯಾಗಿ ಮಾರಿ ಒಮ್ಮೆಗೇ ಹಣ ಎತ್ತಿದರು. ಆದರೆ ಹಾಗೆ ಕೊಂಡವರು ವರ್ಷಕ್ಕೆ ಮೂರು ನಾಲ್ಕು ವಾರ ಬಂದಿದ್ದು, ಉಳಿದ ದಿನ ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಪ್ರವಾಸೋದ್ಯಮದ ಸಾಮರ್ಥ್ಯವನ್ನು ಹಾಸಿಗೆಗಳ ಸಂಖ್ಯೆಯಲ್ಲಿ ಅಳೆಯುವ ಫ್ರೆಂಚರು ಹೀಗೆ ಖಾಲಿ ಬಿದ್ದಿರುವ ವಸತಿಯನ್ನು ‘ತಣ್ಣನೆಯ ಹಾಸಿಗೆ’ ಎಂದೂ, ವಾರವಾರವೂ ಹೊಸ ಅತಿಥಿಗೆ ಬಾಡಿಗೆಗೆ ಹೋಗುವುದನ್ನು ‘ಬೆಚ್ಚನೆಯ ಹಾಸಿಗೆ’ ಎಂದೂ ಕರೆಯುತ್ತಾರೆ. ತಂತಿಮಾರ್ಗದ ಟಿಕೆಟ್ಟು ಮಾರಾಟವಾಗುವುದೂ ಅಂಗಡಿ ಊಟದಮನೆಗಳು ನಡೆಯುವುದೂ ಎರಡನೆಯ ಬಗೆಯ ಹಾಸಿಗೆಯಿಂದಲೇ. ಮಾರಿದರೆ ಹಾಸಿಗೆ ತಣ್ಣಗಾಗುತ್ತದೆ, ಮಾರದಿದ್ದರೆ ಕಟ್ಟಲು ಹಣವಿರುವುದಿಲ್ಲ ಎಂಬ ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರವೇ ಲೀಸ್‌ಬ್ಯಾಕ್.

ಪರಿಹಾರವನ್ನು ವ್ಯಾಪಾರದ ರೂಪಕ್ಕೆ ತಂದವರಲ್ಲಿ ಝೆರಾರ್ ಬ್ರೆಮೋಂ ಮುಖ್ಯರು. ಓತ್ ಸವೊಯಿ ಪ್ರಾಂತದ ಮೋರ್ಝೀನ್ ಹಳ್ಳಿಯ ಮೇಲಿನ ಬೆಟ್ಟದಲ್ಲಿ, 1960ರ ಒಲಿಂಪಿಕ್ ಸ್ಕೀ ಚಾಂಪಿಯನ್ ಝಾಂ ವುವಾರ್ನೆಯ ಪ್ರೇರಣೆಯಿಂದ ಮೊದಲುಗೊಂಡ ಅವೋರಿಯಾಝ್ ಎಂಬ ವಾಹನರಹಿತ ಪಟ್ಟಣವನ್ನು ಕಟ್ಟಿಸಿದ ಬ್ರೆಮೋಂ, 1967ರಲ್ಲಿ ‘ಪಿಯೆರ್ ಎ ವಾಕಾಂಸ್’ ಕಂಪನಿಯನ್ನು ಸ್ಥಾಪಿಸಿದರು. ಮುಂದೆ ಈ ಕಂಪನಿ ಕಟ್ಟಿದ ಫ್ಲ್ಯಾಟುಗಳನ್ನು ವ್ಯಕ್ತಿಗಳಿಗೆ ಮಾರಿ, ಮಾರಿದವುಗಳನ್ನೇ ಗುತ್ತಿಗೆಗೆ ಹಿಡಿದು, ಅತಿಥಿಗಳಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕ್ರಮವನ್ನು ಬೃಹತ್ ಪ್ರಮಾಣಕ್ಕೆ ಬೆಳೆಸಿತು. ಕಟ್ಟಡದ ಬಂಡವಾಳ ಸಣ್ಣ ಉಳಿತಾಯಗಾರರದು, ವ್ಯವಹಾರ ಕಂಪನಿಯದು ಎಂಬ ವಿಭಜನೆ ಇಲ್ಲಿ ಸ್ಪಷ್ಟವಾಯಿತು.

ಲೀಸ್‌ಬ್ಯಾಕ್ ಎಂಬ ಹೆಸರಿನ ಕಾಯ್ದೆ ಫ್ರಾನ್ಸಿನಲ್ಲಿ ಹುಟ್ಟಲಿಲ್ಲ. ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಉದ್ದೇಶಗಳಿಗಾಗಿ ಮಾಡಿದ ಕಾನೂನುಗಳು ಇಲ್ಲಿ ಒಟ್ಟುಗೂಡಿದವು ಎಂಬುದೇ ಈ ಇತಿಹಾಸದ ಅತ್ಯಂತ ಸ್ವಾರಸ್ಯದ ಭಾಗ. ಮೊದಲನೆಯದು ವಾಣಿಜ್ಯ ಗುತ್ತಿಗೆಯ ಕಾನೂನು. ಅಂಗಡಿಕಾರನು ವರ್ಷಗಟ್ಟಲೆ ದುಡಿದು ಗಿರಾಕಿಗಳನ್ನು ಸಂಪಾದಿಸಿದ ಮೇಲೆ ಕಟ್ಟಡದ ಮಾಲೀಕನು ಅವನನ್ನು ಹೊರಹಾಕಿ ಆ ಗಳಿಕೆಯ ಫಲವನ್ನು ನುಂಗದಂತೆ ತಡೆಯಲು 1926ರ ಕಾಯ್ದೆಯೂ, ಅದರ ಸ್ಥಾನಕ್ಕೆ ಬಂದ 1953ರ ಸೆಪ್ಟೆಂಬರ್ 30ರ ಆಜ್ಞೆಯೂ ಬಾಡಿಗೆದಾರನಿಗೆ ಗುತ್ತಿಗೆಯನ್ನು ನವೀಕರಿಸಿಕೊಳ್ಳುವ ಹಕ್ಕನ್ನು ನೀಡಿದವು. ಗುತ್ತಿಗೆಯ ಕನಿಷ್ಠ ಅವಧಿ ಒಂಬತ್ತು ವರ್ಷ. ಅವಧಿ ಮುಗಿದ ಮೇಲೆ ಮಾಲೀಕನು ನವೀಕರಣವನ್ನು ನಿರಾಕರಿಸಿದರೆ, ವ್ಯಾಪಾರಕ್ಕಾದ ನಷ್ಟವನ್ನು ತುಂಬಿಕೊಡುವ ‘ತೆರವು ಪರಿಹಾರ’ವನ್ನು ತೆರಬೇಕು. ಬೀದಿಬದಿಯ ರೊಟ್ಟಿ ಅಂಗಡಿಯವನನ್ನು ದೊಡ್ಡ ಮಾಲೀಕನಿಂದ ಕಾಪಾಡಲೆಂದು ರೂಪಿಸಿದ ಈ ರಕ್ಷಣೆ, ಸಾವಿರಾರು ಫ್ಲ್ಯಾಟುಗಳನ್ನು ಹಿಡಿದ ಕಂಪನಿಯನ್ನು ಒಂದೇ ಒಂದು ಫ್ಲ್ಯಾಟಿನ ಒಡೆಯನಿಂದ ಕಾಪಾಡುವ ಸಾಧನವಾಗಿ ಮಾರ್ಪಟ್ಟಿತು. ಒಂಬತ್ತು ವರ್ಷ ಕಳೆದ ಬಳಿಕ ಮನೆ ತನ್ನದಾಗುತ್ತದೆಂದು ನಂಬಿ ಕೊಂಡ ಅನೇಕ ವಿದೇಶಿಯರಿಗೆ ಈ ಸಂಗತಿ ಅರಿವಾದದ್ದು ಒಂಬತ್ತನೆಯ ವರ್ಷದಲ್ಲಿಯೇ.

ಎರಡನೆಯದು ಮೊರಿಸ್ ಲೋರೆ ರೂಪಿಸಿ 1954ರಲ್ಲಿ ಫ್ರಾನ್ಸ್ ಜಾರಿಗೊಳಿಸಿದ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್. ಹೊಸ ಮನೆಯ ಬೆಲೆಯ ಮೇಲೆ ಬೀಳುವ ಈ ತೆರಿಗೆಯನ್ನು ಸಾಮಾನ್ಯ ಕೊಳ್ಳುಗನು ಹಿಂಪಡೆಯಲಾರ; ಆದರೆ ಸರ್ಕಾರಿ ವರ್ಗೀಕರಣ ಪಡೆದ ಪ್ರವಾಸಿ ವಸತಿ ಸಮುಚ್ಚಯದಲ್ಲಿ ಮನೆ ಕೊಂಡು, ವಿದೇಶಗಳಲ್ಲಿ ಪ್ರಚಾರ ಮಾಡುವ ಹೊಣೆ ಹೊತ್ತ ನಿರ್ವಾಹಕ ಕಂಪನಿಗೆ ಕನಿಷ್ಠ ಒಂಬತ್ತು ವರ್ಷ ಗುತ್ತಿಗೆಗೆ ಕೊಟ್ಟರೆ, ಬಾಡಿಗೆಯೇ ತೆರಿಗೆಗೆ ಒಳಪಡುವ ವ್ಯವಹಾರವಾಗುತ್ತಿದ್ದುದರಿಂದ ಖರೀದಿಯ ತೆರಿಗೆ ಹಿಂದಕ್ಕೆ ಬರುತ್ತಿತ್ತು. ಇಂದಿನ ಶೇಕಡಾ 20ರ ದರದಲ್ಲಿ, ತೆರಿಗೆ ಬಿಟ್ಟು 2 ಲಕ್ಷ ಯೂರೊ ಬೆಲೆಯ ಫ್ಲ್ಯಾಟಿಗೆ ಈ ಮೊತ್ತ 40 ಸಾವಿರ ಯೂರೊ. ಆದರೆ ಅದು ಪೂರ್ತಿಯಾಗಿ ಕೊಂಡವನದಾಗಲು ಇಪ್ಪತ್ತು ವರ್ಷ ಬೇಕು; ಹನ್ನೆರಡನೆಯ ವರ್ಷದ ಕೊನೆಗೆ ವ್ಯವಸ್ಥೆಯಿಂದ ಹೊರಬಂದವನು ಉಳಿದ ಎಂಟು ವರ್ಷಗಳ ಪಾಲಾದ 16 ಸಾವಿರ ಯೂರೊಗಳನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಾಗುತ್ತದೆ. ಗುತ್ತಿಗೆಗೆ ಒಂಬತ್ತು, ತೆರಿಗೆಗೆ ಇಪ್ಪತ್ತು ಎಂಬ ಈ ಅಂತರ ಮಾರಾಟದ ಮಾತಿನಲ್ಲಿ ಎದ್ದು ಕಾಣುವಂಥದ್ದಾಗಿರಲಿಲ್ಲ. ಈ ಮರುಪಾವತಿಗೆ ಆಧಾರವಾದ ಪ್ರವಾಸಿ ವಸತಿ ವರ್ಗೀಕರಣದ ನಿಯಮ ಬಂದದ್ದು 1986ರ ಫೆಬ್ರವರಿ 14ರ ಆದೇಶದಿಂದ.

ಇವುಗಳ ಮೇಲೆ ಆದಾಯ ತೆರಿಗೆಯ ರಿಯಾಯಿತಿಯೂ ಸೇರಿದ ಬಳಿಕ ವ್ಯಾಪಾರ ಉಕ್ಕಿ ಹರಿಯಿತು. ಲಿಯೊನೆಲ್ ಝೋಸ್ಪಾಂ ಸರ್ಕಾರದಲ್ಲಿ ಪ್ರವಾಸೋದ್ಯಮ ಖಾತೆಯ ಹೊಣೆ ಹೊತ್ತಿದ್ದ ಕಮ್ಯುನಿಸ್ಟ್ ಪಕ್ಷದ ಮಿಶೆಲ್ ದೆಮೆಸ್ಸೀನ್ ಅವರ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆ, ಜನಸಂಖ್ಯೆ ಕುಗ್ಗುತ್ತಿದ್ದ ಗ್ರಾಮೀಣ ವಲಯಗಳಲ್ಲಿ ಪ್ರವಾಸಿ ವಸತಿಯ ಮನೆ ಕೊಂಡವರಿಗೆ 1999ರಿಂದ 2010ರವರೆಗೆ ತೆರಿಗೆ ಕಡಿತ ನೀಡಿತು. ಸಣ್ಣ ಉಳಿತಾಯಗಾರನ ಹಣದಿಂದ ಹಳ್ಳಿಗಳು ಚೇತರಿಸಿಕೊಳ್ಳಲಿ ಎಂಬ ಆಶಯ ಅದರಲ್ಲಿದ್ದುದು ನಿಜ. ಫಲಿತಾಂಶ ಬೇರೆಯಾಯಿತು: ಅತಿಥಿಗಳು ಎಲ್ಲಿಗೆ ಬರುತ್ತಾರೆಂಬುದಕ್ಕಿಂತ ರಿಯಾಯಿತಿ ಎಲ್ಲಿ ಸಿಗುತ್ತದೆಂಬುದನ್ನು ನೋಡಿ ಕಟ್ಟಡಗಳು ಎದ್ದವು. ಹೀಗಾಗಿ ಬೇಡಿಕೆಯಿಲ್ಲದ ಕಡೆ ಭರವಸೆಯ ಬಾಡಿಗೆ ಕೊಡುವುದಕ್ಕಾಗಿ ನಿರ್ಮಾಪಕನು ಮಾರಾಟದ ಬೆಲೆಯನ್ನೇ ಏರಿಸಿ, ಆ ಹೆಚ್ಚುವರಿಯ ಒಂದು ಭಾಗವನ್ನು ‘ನೆರವು ನಿಧಿ’ಯೆಂದು ನಿರ್ವಾಹಕನಿಗೆ ಕೊಡುವ ರೂಢಿ ಬೆಳೆಯಿತು. ಅಂದರೆ ಆರಂಭದ ವರ್ಷಗಳಲ್ಲಿ ಮಾಲೀಕನ ಕೈಸೇರುತ್ತಿದ್ದ ಬಾಡಿಗೆಯಲ್ಲಿ ಒಂದಂಶ ಅವನೇ ಬೆಲೆಯ ರೂಪದಲ್ಲಿ ಮುಂಗಡವಾಗಿ ತೆತ್ತ ಹಣವಾಗಿತ್ತು.

ಬ್ರಿಟನ್ ಮತ್ತು ಐರ್ಲೆಂಡಿನ ಕೊಳ್ಳುಗರು ದೊಡ್ಡ ಸಂಖ್ಯೆಯಲ್ಲಿ ಬಂದದ್ದೂ ಈ ಉಬ್ಬರದ ಕಾಲದಲ್ಲಿಯೇ. 1994ರಲ್ಲಿ ತೆರೆದ ಚಾನೆಲ್ ಸುರಂಗ, ಅಗ್ಗದ ವಿಮಾನಗಳು, ತಮ್ಮ ನಾಡಿನಲ್ಲಿ ಏರುತ್ತಿದ್ದ ಮನೆಬೆಲೆ ಕೊಟ್ಟ ಧೈರ್ಯ, ಇವೆಲ್ಲ ಅವರನ್ನು ಕರೆತಂದವು. ನಿರ್ವಹಣೆಯ ತಲೆನೋವಿಲ್ಲದ ಫ್ರೆಂಚ್ ಮನೆ ಎಂಬ ವರ್ಣನೆ ಅವರಿಗೆ ಹಿಡಿಸಿತು. ಆದರೆ ದೆಮೆಸ್ಸೀನ್ ಕಾಯ್ದೆಯ ಕಡಿತ ಫ್ರಾನ್ಸಿನಲ್ಲಿ ತೆರಿಗೆ ನಿವಾಸಿಗಳಾದವರಿಗೆ ಮಾತ್ರ ದೊರೆಯುತ್ತಿದ್ದುದರಿಂದ, ಆ ಕಡಿತವನ್ನು ಲೆಕ್ಕಕ್ಕೆ ಹಿಡಿದು ಏರಿಸಿದ ಬೆಲೆಯನ್ನು ವಿದೇಶಿಯರು ಪೂರ್ತಿಯಾಗಿ ತೆತ್ತು, ಪಡೆದದ್ದು ವ್ಯಾಟ್ ಮರುಪಾವತಿಯನ್ನಷ್ಟೆ.

2008ರ ಆರ್ಥಿಕ ಕುಸಿತದ ನಂತರ ಹಲವು ನಿರ್ವಾಹಕ ಕಂಪನಿಗಳು ದಿವಾಳಿಯಾದವು, ಉಳಿದವು ಬಾಡಿಗೆ ಇಳಿಸದಿದ್ದರೆ ಗುತ್ತಿಗೆ ಬಿಡುವುದಾಗಿ ಪತ್ರ ಬರೆದವು. ಮೂರು ವರ್ಷಕ್ಕೊಮ್ಮೆ ಗುತ್ತಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಹಳೆಯ ಕಾನೂನು ಬಾಡಿಗೆದಾರನಿಗೇ ಕೊಟ್ಟಿತ್ತು. ಮಾಲೀಕರ ಕೂಗು ಹೆಚ್ಚಿದಾಗ 2009ರ ಜುಲೈ 22ರ ಪ್ರವಾಸೋದ್ಯಮ ಕಾಯ್ದೆ ಪ್ರವಾಸಿ ವಸತಿಗಳ ಮಟ್ಟಿಗೆ ಅದನ್ನು ತೆಗೆದುಹಾಕಿತು. ನಿರ್ವಾಹಕನೇ ಮುಳುಗಿದ ಕಡೆ ಕಾಯ್ದೆಯಿಂದ ಆಗುವ ಉಪಕಾರ ಅಲ್ಪವೇ. ಹೊಸ ನಿರ್ವಾಹಕನು ಸಿಗದಿದ್ದರೆ ಬಾಡಿಗೆಯೂ ಇಲ್ಲ, ಪಡೆದ ತೆರಿಗೆ ಲಾಭವನ್ನೂ ಹಿಂದಿರುಗಿಸಬೇಕು ಎಂಬ ಸ್ಥಿತಿಯಲ್ಲಿ ಮಾಲೀಕರು ಸಂಘ ಕಟ್ಟಿಕೊಂಡು ಕಡಿಮೆ ಬಾಡಿಗೆಗೆ ಒಪ್ಪಿಕೊಳ್ಳುವುದು ಸಾಮಾನ್ಯವಾಯಿತು.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ವಸತಿಗಳನ್ನು ಮುಚ್ಚಿದಾಗ ಕಂಪನಿಗಳು ಬಾಡಿಗೆ ನಿಲ್ಲಿಸಿದವು. ಮುಚ್ಚಿದ ತಿಂಗಳುಗಳಿಗೂ ಬಾಡಿಗೆ ಸಲ್ಲತಕ್ಕದ್ದೆಂದು ಫ್ರಾನ್ಸಿನ ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯ 2022ರ ಜೂನ್ 30ರಂದು ತೀರ್ಪಿತ್ತಿತಾದರೂ, ಅಷ್ಟರಲ್ಲಿ ಅನೇಕರು ಬಂದಷ್ಟು ಬರಲೆಂದು ರಾಜಿಯಾಗಿದ್ದರು. ಅದೇ ವರ್ಷ ಸಾಲದ ಪುನರ್ರಚನೆಗೆ ಒಳಗಾದ ಪಿಯೆರ್ ಎ ವಾಕಾಂಸ್ ಬ್ರೆಮೋಂ ಅವರ ಕೈಯಿಂದ ಹೊರಗೆ ಹೋಯಿತು.

ಇಷ್ಟರ ನಡುವೆ ಆಲ್ಪ್ಸ್‌ನ ಮೂಲ ಸಮಸ್ಯೆ ಹಾಗೆಯೇ ಉಳಿದಿದೆ. ಗುತ್ತಿಗೆ ಮುಗಿಸಿಕೊಂಡು ಫ್ಲ್ಯಾಟನ್ನು ಬಿಡಿಸಿಕೊಂಡ ಮಾಲೀಕನು ಅದನ್ನು ತನ್ನ ಬಳಕೆಗಷ್ಟೇ ಇಟ್ಟುಕೊಂಡರೆ ಹಾಸಿಗೆ ಮತ್ತೆ ತಣ್ಣಗಾಗುತ್ತದೆ. ಹಳೆಯ ಫ್ಲ್ಯಾಟು ದುರಸ್ತಿಯಿಲ್ಲದೆ ಬಾಡಿಗೆಗೆ ಹೋಗುವುದೂ ಇಲ್ಲ. ಈ ಕಾರಣಕ್ಕೆ 2013ರಲ್ಲಿ ಸರ್ಕಾರಿ ಹಣಕಾಸು ಸಂಸ್ಥೆಯಾದ ಕೆಸ್ ದೆ ದೆಪೊ, ಸ್ಕೀ ತಂತಿಮಾರ್ಗಗಳನ್ನು ನಡೆಸುವ ಕೊಂಪಾಞಿ ದೆಝಾಲ್ಪ್ ಹಾಗೂ ಕೆಲವು ಬ್ಯಾಂಕುಗಳು ಕೂಡಿ ಹಳೆಯ ಫ್ಲ್ಯಾಟುಗಳನ್ನು ಕೊಂಡು, ದುರಸ್ತಿ ಮಾಡಿ, ಬಾಡಿಗೆಯ ಕರಾರಿನೊಂದಿಗೆ ಮತ್ತೆ ಖಾಸಗಿಯವರಿಗೆ ಮಾರುವ ಸಂಸ್ಥೆಯೊಂದನ್ನು ಹುಟ್ಟುಹಾಕಿದವು.