ಯಾವ ಸ್ವಿಚ್ಚಿಗೆ ಯಾವ ದೀಪ? ಮನೆಬೆಳಕಿನ ಒಂದು ಸಣ್ಣ ಇತಿಹಾಸ

ಇವತ್ತು ರಾಜರು, ಯುದ್ಧ, ತಾಮ್ರಪಟ ಯಾವುದೂ ಇಲ್ಲ. ವಿಷಯ ಗೋಡೆ ಮೇಲಿನ ಸ್ವಿಚ್. ವಿದ್ಯುತ್ ದೀಪದ ಇತಿಹಾಸ ಅಂದ ತಕ್ಷಣ ಬಲ್ಬ್ ಯಾರು ಕಂಡುಹಿಡಿದರು ಅಂತ ಶುರು ಮಾಡ್ತೀವಿ. ನಾನು ಬೇರೆ ಪ್ರಶ್ನೆ ಕೇಳ್ತೀನಿ. ಯಾವ ಸ್ವಿಚ್ಚಿಗೆ ಯಾವ ದೀಪ ಅನ್ನೋ ಮಾಹಿತಿ ಎಲ್ಲಿರುತ್ತೆ, ಯಾರ ಹತ್ರ ಇರುತ್ತೆ?

ಮೊದಲು ನಮ್ಮ ಕಡೆಯಿಂದಲೇ ನೋಡೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರ ಆಗಸ್ಟ್ 5ರಂದು. ಇತ್ತ ನಾವು ಎಕ್ಸ್‌ಪ್ರೆಸ್‌ವೇಯಲ್ಲಿ ಹಾದುಹೋಗುವ ಖೋಪೋಲಿಯಲ್ಲಿ ಟಾಟಾ ಜಲವಿದ್ಯುತ್ ಕೇಂದ್ರ 1915ರಲ್ಲಿ ಶುರುವಾಗಿ ಮುಂಬೈ ಗಿರಣಿಗಳಿಗೆ ಕರೆಂಟ್ ಕೊಟ್ಟಿತು. ಈ ಎರಡೂ ಕೇಂದ್ರಗಳ ಕರೆಂಟಿಗೆ ಗಣಿ-ಗಿರಣಿ ಮೊದಲು, ಮನೆ ಆಮೇಲೆ.

ಮನೆಗೆ ಬಂದಾಗ ಸ್ವಿಚ್ ಕೂಡ ಬಂತು. ಚಟ್ ಅಂತ ಬೇಗ ಬಿಡಿಸಿಕೊಳ್ಳುವ ಸ್ವಿಚ್ಚನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ ಮಾಡಿದ್ದು 1884ರಲ್ಲಿ. ನಿಧಾನಕ್ಕೆ ಬಿಡಿಸಿಕೊಂಡರೆ ಕಿಡಿ ಹಾರಿ ತಗಡು ಸುಟ್ಟುಹೋಗ್ತಿತ್ತು, ಅದಕ್ಕೆ ಈ ಉಪಾಯ. ಮೆಟ್ಟಿಲ ಕೆಳಗೊಂದು ಮೇಲೊಂದು ಇರುವ ಟೂ-ವೇ ಸ್ವಿಚ್ ನೋಡಿದೀರಲ್ಲ, ಅದು ನಾವು ಕಾಲೇಜಲ್ಲಿ ಓದಿದ ಎಕ್ಸ್‌ಆರ್ ಗೇಟ್. ಆದರೆ ಇವೆಲ್ಲದರಲ್ಲೂ ಒಂದು ಮಾತು ಸಮಾನ. ವೈರೇ ದಾಖಲೆ. ಸ್ವಿಚ್ಚಿನಿಂದ ಹೊರಟ ವೈರ್ ದೀಪಕ್ಕೇ ಹೋಗಬೇಕು. ಕಟ್ಟಿದವನು ಇಲ್ಲದಿದ್ದರೂ, ಟೆಸ್ಟರ್ ಹಿಡಿದ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಅದನ್ನು ಓದಬಲ್ಲ.

ಈ ಸಂಬಂಧ ಕಡಿದದ್ದು 1975ರಲ್ಲಿ. ಸ್ಕಾಟ್ಲೆಂಡಿನ ಗ್ಲೆನ್‌ರೋಥೆಸ್‌ನ ಪಿಕೋ ಎಲೆಕ್ಟ್ರಾನಿಕ್ಸ್‌ನವರು ಎಕ್ಸ್10 ಅನ್ನೋ ಪದ್ಧತಿ ಮಾಡಿದರು. ಮನೆಯ ಕರೆಂಟ್ ವೈರಿನ ಮೇಲೇ 120 ಕಿಲೋಹರ್ಟ್ಸ್‌ನ ಸಣ್ಣ ಸಂಕೇತ ಕಳಿಸೋದು. ಮನೆಗೆ 16 ಅಕ್ಷರ, ಸಾಧನಕ್ಕೆ 16 ಸಂಖ್ಯೆ, ಒಟ್ಟು 256 ವಿಳಾಸ. ಪಕ್ಕದ ಮನೆಯವರೂ ಅದೇ ಅಕ್ಷರ ಇಟ್ಟಿದ್ದರೆ ಅವರ ಗುಂಡಿಗೆ ನಿಮ್ಮ ದೀಪ ಹತ್ತುವ ಸಾಧ್ಯತೆಯೂ ಇತ್ತು! ನಗುವ ವಿಷಯ ಸರಿ, ಆದರೆ ದೊಡ್ಡ ಬದಲಾವಣೆ ಇದೇ. ಸ್ವಿಚ್ ಇನ್ನು ದೀಪವನ್ನು ಮುಟ್ಟೋದಿಲ್ಲ, ಸಂದೇಶ ಕಳಿಸುತ್ತೆ. ಅದರ ಅರ್ಥ ವೈರಿನಲ್ಲಿಲ್ಲ, ಎಲ್ಲೋ ಇರುವ ಒಂದು ಪಟ್ಟಿಯಲ್ಲಿದೆ.

ಯುರೋಪಿನಲ್ಲಿ 1990ರಲ್ಲಿ ಇಐಬಿ ಸಂಘ ಹುಟ್ಟಿತು. 1999ರಲ್ಲಿ ಅದು ಇನ್ನೆರಡು ಸಂಘಗಳ ಜೊತೆ ಸೇರಿ ಇವತ್ತಿನ ಕೆಎನ್‌ಎಕ್ಸ್ ಆಯ್ತು. ಎಕ್ಸ್10ಗಿಂತ ಬಹಳ ಗಟ್ಟಿ. ಹಸಿರು ಬಣ್ಣದ ಬೇರೆಯೇ ಕೇಬಲ್, ಅದರಲ್ಲಿ ಸುಮಾರು 30 ವೋಲ್ಟ್ ಡಿಸಿ. ಇಪ್ಪತ್ತು ವರ್ಷ ಹಳೇ ಗುಂಡಿಯೂ ಹೊಸ ಸಾಧನದ ಜೊತೆ ಮಾತಾಡುತ್ತೆ. ಆದರೆ ಆ ಅರ್ಥದ ಪಟ್ಟಿ ಇರೋದು ಅಳವಡಿಸಿದವರ ಲ್ಯಾಪ್‌ಟಾಪಿನ ಪ್ರಾಜೆಕ್ಟ್ ಫೈಲಿನಲ್ಲಿ.

ಇದು ನನಗೆ ತಾಗಿದ್ದು ಶಿವಾಜಿನಗರದಲ್ಲಿ. ಬೆಂಗಳೂರಿನದಲ್ಲ, ಪುಣೆಯದು. ಇಲ್ಲಿ ನಾವು ಒಂದು ರೀಸೇಲ್ ಫ್ಲ್ಯಾಟ್ ತಗೊಂಡ್ವಿ. ಗೋಡೆ ತುಂಬ ಹೆಸರಿಲ್ಲದ ಗುಂಡಿಗಳು. ಅಳವಡಿಸಿದವರು ಅಂಗಡಿ ಮುಚ್ಚಿದ್ದರು, ಹಿಂದಿನ ಮಾಲೀಕರ ಹತ್ರ ಫೈಲ್ ಇರಲಿಲ್ಲ. ಧಾರವಾಡದಿಂದ ಬಂದಿದ್ದ ಅಮ್ಮ ಎರಡನೇ ದಿನಕ್ಕೇ ಕೇಳಿದರು, "ಯಾವ ಗುಂಡಿ ಒತ್ತಿದ್ರ ಯಾವ ಲೈಟ್ ಹತ್ತತೈತಿ ಅಂತ ಹ್ಯಾಂಗ ಗೊತ್ತಾಗಬೇಕೋ?" ರಾತ್ರಿ ಬಚ್ಚಲಿಗೆ ಹೋಗೋಕೆ ಅವರು ಕತ್ತಲಲ್ಲಿ ಗೋಡೆ ತಡವುತ್ತಾ ನಡೀತಿದ್ದರು. ಮಂಡಿ ನೋವು ಬೇರೆ. ಬಿದ್ದರೆ ಏನು ಗತಿ?

ಎಲೆಕ್ಟ್ರಿಷಿಯನ್ ದಾದಾ ಬಂದು ಗುಂಡಿ ಬಿಚ್ಚಿ ನೋಡಿ ಕೈಚೆಲ್ಲಿದ. ಅದರ ಹಿಂದೆ 230 ವೋಲ್ಟಿನ ವೈರೇ ಇರಲಿಲ್ಲ, ಸಣ್ಣ ಹಸಿರು ಕೇಬಲ್ ಅಷ್ಟೇ. ಅವನ ವಿದ್ಯೆಯಲ್ಲಿ ಕೊರತೆ ಇರಲಿಲ್ಲ, ಓದೋಕೆ ಅಲ್ಲಿ ಬರಹವೇ ಇರಲಿಲ್ಲ.

ಕೊನೆಗೆ ನಾನು ಮಾಡಿದ್ದು ಇತಿಹಾಸದ ವಿದ್ಯಾರ್ಥಿ ಮಾಡುವ ಕೆಲಸವನ್ನೇ. ಒಂದು ಯುಎಸ್‌ಬಿ ಇಂಟರ್‌ಫೇಸ್ ತಂದು ಲ್ಯಾಪ್‌ಟಾಪನ್ನು ಆ ಕೇಬಲ್ಲಿಗೆ ಸೇರಿಸಿದೆ. ಹೆಂಡತಿ ಒಂದೊಂದೇ ಗುಂಡಿ ಒತ್ತಿದಳು, ನಾನು ಬಂದ ಸಂದೇಶ ಬರೆದುಕೊಂಡೆ. 1.1.7 ಅನ್ನೋ ಗುಂಡಿಯಿಂದ 1/1/4 ಅನ್ನೋ ಗುಂಪಿಗೆ, ಬೆಲೆ 1. ಹಾಲ್ ದೀಪ ಹತ್ತಿತು. ಹೀಗೆ ಎರಡು ಭಾನುವಾರ. ಫೈಲ್ ಹೋಗಿದ್ದರೂ ಪ್ರತಿ ಸಂದೇಶ ಯಾರಿಂದ ಯಾರಿಗೆ ಅಂತ ಹೇಳಿಕೊಂಡೇ ಓಡಾಡುತ್ತೆ, ಅಷ್ಟು ಸಾಕಿತ್ತು.

ಮಲಗುವ ಕೋಣೆಯ ಮಂಚದ ಪಕ್ಕದ ಗುಂಡಿಯಿಂದ 51 ಅನ್ನೋ ಬೆಲೆ ಬಂತು. 0ರಿಂದ 255ರ ಅಳತೆಯಲ್ಲಿ ಅದು ಶೇಕಡಾ 20. ಒತ್ತಿದರೆ ಬಚ್ಚಲವರೆಗಿನ ಪ್ಯಾಸೇಜ್ ಮಂದವಾಗಿ ಬೆಳಗುತ್ತೆ. ಅಂದ್ರೆ ನಮಗಿಂತ ಮೊದಲೂ ಈ ಮನೆಯಲ್ಲಿ ರಾತ್ರಿ ಎದ್ದು ಓಡಾಡುವವರು ಯಾರೋ ಇದ್ದಿರಬೇಕು. ನಮಗೆ ಬೇಕಾದ್ದನ್ನು ಅವರಿಗಾಗಿ ಯಾರೋ ಆಗಲೇ ಮಾಡಿಟ್ಟಿದ್ದರು. ಅದು ನಮಗೆ ತಲುಪಿರಲಿಲ್ಲ, ಅಷ್ಟೇ. ಅಮ್ಮ ಆ ಗುಂಡಿಗೆ ಕನ್ನಡದಲ್ಲಿ "ಬಚ್ಚಲ ದಾರಿ" ಅಂತ ಚೀಟಿ ಅಂಟಿಸಿದರು.

ಈ ಏರಿಯಾದಲ್ಲೇ ಸಿಮ್ಲಾ ಆಫೀಸ್ ಚೌಕ ಇದೆ. ಬಸ್ಸಿನಲ್ಲಿ ಆ ಹೆಸರು ಕೇಳಿ ಹೊಸಬರು ಬೆಚ್ಚಿಬೀಳ್ತಾರೆ, ಇಲ್ಲೆಲ್ಲಿಯ ಶಿಮ್ಲಾ ಅಂತ. ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು, ಹೆಸರು ಹಾಗೇ ಉಳೀತು. ಊರಿನ ನೆನಪಿಗೆ ಸಾವಿರ ಬಾಯಿ ಇರುತ್ತೆ, ಯಾರನ್ನು ಕೇಳಿದರೂ ಒಬ್ಬರಾದರೂ ಹೇಳ್ತಾರೆ. ಮನೆಯ ನೆನಪು ಒಂದೇ ಫೈಲಿನಲ್ಲಿದ್ದರೆ, ಆ ಫೈಲ್ ಹೋದ ದಿನ ಮನೆ ಮೂಕ.

ನಾವು ಐಟಿಯವರು ಕೆಲಸ ಬಿಡುವಾಗ ಹ್ಯಾಂಡೋವರ್ ಡಾಕ್ಯುಮೆಂಟ್ ಇಲ್ಲದೆ ಮ್ಯಾನೇಜರ್ ಬಿಡೋದಿಲ್ಲ. ಮನೆ ಕೊಳ್ಳುವಾಗ ಇಂಡೆಕ್ಸ್-ಟು ನೋಡ್ತೀವಿ, ಸೊಸೈಟಿಯ ಶೇರ್ ಸರ್ಟಿಫಿಕೇಟ್ ಕೇಳ್ತೀವಿ, ಮಹಾವಿತರಣದ ಬಿಲ್ಲಿಗೆ ಹೆಸರು ಬದಲಾಯಿಸ್ತೀವಿ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ದೀಪದ ಪ್ರಾಜೆಕ್ಟ್ ಫೈಲ್ ಮತ್ತು ಅದರ ಪಾಸ್‌ವರ್ಡ್. ನೀವೇ ಮಾರುವವರಾದರೆ ಒಂದು ಪ್ರಿಂಟ್ ತೆಗೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ ಹೋಗಿ. ವೈರ್ ಮಾತಾಡ್ತಿದ್ದ ಕಾಲದಲ್ಲಿ ಇದರ ಅಗತ್ಯ ಇರಲಿಲ್ಲ, ಈಗ ಇದೆ.

ನಿಮ್ಮ ಮನೆಯಲ್ಲೂ ಅರ್ಥ ಗೊತ್ತಿಲ್ಲದ ಗುಂಡಿ ಇದ್ದರೆ ಈ ಭಾನುವಾರ ಒತ್ತಿ ನೋಡಿ, ಬರೆದಿಡಿ. ಮುಂದಿನ ಮಾತಿನಲ್ಲಿ ಸಿಗೋಣ.